ಫ್ಲೆಕ್ಸ್ ಹಾಯಿ

ಹಾಯಿ ಹೊಲಿದವ ನಾನೇ.
ನವನಗರದ ಅಂಗಡಿಯಲ್ಲಿ, ಜಂಪರು ಹೊಲಿಯುವ ಮಷೀನಿನ ಮೇಲೆ,
ಮೂರು ಸೂಜಿ ಮುರಿದು.
ಬಟ್ಟೆಯೇನಲ್ಲ, ಹಳೆಯ ಫ್ಲೆಕ್ಸು:
ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರುವ
ಇಪ್ಪತ್ತೆರಡು ಮುಖ, ಒಂದೇ ನಮೂನೆಯ ಮೀಸೆ.
ಗಾಳಿ ಹೊಕ್ಕಿದ್ದೇ ತಡ ಅಷ್ಟೂ ಮಂದಿಯ ಗಲ್ಲ ಉಬ್ಬಿ
ದೋಣಿ ಕದಲಿತು.

“ನಕ್ಕೋತ ಹೊಂಟಾರ ನೋಡಲೇ” ಅಂದ ಹುಚ್ಚೇಶ,
ಪೆಟ್ರೋಲ್ ಪಂಪಿಗೆ ಜ್ವರವೆಂದು ಹೇಳಿ ಬಂದವ,
ಈಜು ಬರದೆ ಟ್ರ್ಯಾಕ್ಟರ್ ಟ್ಯೂಬಿನೊಳಗೆ ಕೂತವ.

ಚುಕ್ಕಾಣಿ ಗೈಬುಸಾಬನದು.
ಹನ್ನೊಂದು ವರ್ಷ ಅಂಡಮಾನಿನಲ್ಲಿ
ಪ್ರವಾಸಿಗಳ ದೋಣಿಗೆ ಹಗ್ಗ ಬಿಗಿದವ.
ಅಲ್ಲಿ ಒಂದು ದ್ವೀಪದಲ್ಲಿ ಚಹಾ, ಇನ್ನೊಂದರಲ್ಲಿ ಊಟ,
ಮತ್ತೊಂದರ ಮರಳಲ್ಲಿ ಬೋರಲು ಮಲಗುವ ಜನರಂತೆ.
ನೀರು ಹೆಂಗೋ? ಅಂದರೆ
“ಬಳಿ ಅಂಗಡ್ಯಾಗ ದೀಪಾ ಹಚ್ಚಿಧಂಗ.”
ನಮಗೂ ಒಂದು ದಿನ ಹಾಗೆ ತಿರುಗಬೇಕಿತ್ತು.
ಬಾಗಲಕೋಟೆಯವರಿಗೆ ದ್ವೀಪಕ್ಕೇನು ಬರ?
ಹಿನ್ನೀರು ಬಂದ ವರ್ಷವೇ
ಗುಡ್ಡಗಳಿಗೆಲ್ಲ ಬಡ್ತಿ ಸಿಕ್ಕಿದೆ.

ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಮಡಚಿದ ನಕಾಶೆ
ದಾನಮ್ಮನ ತೊಡೆಯ ಮೇಲೆ.
ಭೂಮಾಪನ ಕಚೇರಿಯವಳು;
ಮುಳುಗಿದ ಸರ್ವೆ ನಂಬರೆಲ್ಲ ಬಾಯಿಪಾಠ.
“ಈಗ ಪೇರಲ ತ್ವಾಟ... ಈಗ ಗಿರಣಿ...
ಹುಚ್ಯಾ, ಕಾಲ ಮ್ಯಾಲ ತಗೋ, ನಿಮ್ಮ ಮನಿ ಬಂತು.”
ಅವನು ನಿಜವಾಗಿಯೂ ಕಾಲು ಎತ್ತಿಕೊಂಡ.

ಮೊದಲ ದ್ವೀಪ ಕರೆಗುಡ್ಡದ ನೆತ್ತಿ.
ಕವಳಿ ಹಣ್ಣು ಕದಿಯಲು ಅರ್ಧ ತಾಸು ಏರುತ್ತಿದ್ದೆವು,
ಈಗ ದೋಣಿಯಿಂದ ಒಂದೇ ಹೆಜ್ಜೆ.
ಕಂಟಿ ಹಾಗೇ ಇತ್ತು. ದಾನಮ್ಮನ ಸೆರಗು ಹಿಡಿಯಿತು.

ಎರಡನೆಯದರ ಮೇಲೆ ನಿಲ್ಲಲು ಜಾಗವಿಲ್ಲ.
ಒಂದು ನೀರುಕಾಗೆ ರೆಕ್ಕೆ ಒಣಹಾಕಿ ಕೂತಿತ್ತು, ಏಳಲಿಲ್ಲ.
ಸುತ್ತು ಬಂದು ನೋಡಿದರೆ ಪಂಚಾಯ್ತಿಯ ನೀರಿನ ಟಾಕಿ.
ಇದರಲ್ಲಿ ಹನಿ ನೀರಿಲ್ಲವೆಂದು
ಖಾಲಿ ಕೊಡ ಹೊತ್ತು ಮೋರ್ಚಾ ಹೋಗಿದ್ದೆವು.
ಯಾರೂ ಏನೂ ಅನ್ನಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ
ಹೊಟ್ಟೆ ಹಿಡಿದುಕೊಂಡು ನಕ್ಕೆವು, ದೋಣಿ ಓಲಾಡುವಷ್ಟು.

ಮೂರನೆಯದರಲ್ಲಿ ಹೊಗೆ.
ಬೋರಲು ಹಾಕಿದ ಹರಿಗೋಲು, ಒಣಗುವ ಬಲೆ,
ಶ್ರೀಕಾಕುಳದ ಕಡೆಯಿಂದ ಮೀನಿಗೆ ಬಂದವರ ಗುಡಿಸಲು.
ತಾಯಿ ತೆಲುಗಿನಲ್ಲಿ ಕೂಡಿರೆಂದಳು,
ಹುಳಿ ಹಾಕಿದ ಸಾರು ಕೊಟ್ಟಳು, ನಮ್ಮ ರೊಟ್ಟಿ ತಿಂದಳು.
ಮಗಳು ಪೈಡಿತಲ್ಲಿ, ಒಂಬತ್ತರ ಪೋರಿ,
ಹುಟ್ಟಿದ್ದೇ ಈ ನೀರ ನಡುವೆ. ನಮಗಿಂತ ಖಡಕ್ ಕನ್ನಡ.
“ಯಾವೂರವರು?”
“ಇದ ಊರವರು.”
ಸುತ್ತ ನೋಡಿದಳು. “ಇಲ್ಲೆ ಊರ ಎಲ್ಲೈತಿ?”

ಆಮೇಲೆ ಬೆರಳು ಮಾಡಿ ಅವಳೇ ತೋರಿಸಿದಳು:
ಅದು ಮುಳ್ಳಜ್ಜಿ, ಹತ್ತಿರ ಹೋದರೆ ಜಗ್ಗುತ್ತಾಳೆ.
ಅದು ಕಾಗಿ ಕುರ್ಚಿ.
ಆಚೆಗಿನದು ಬ್ಯಾಸಿಗ್ಯಾಗಷ್ಟ ಬರತೈತಿ, ಅದಕ್ಕ ಹೆಸರಿಲ್ಲ.
ಇದು ನಮ್ಮನಿ.
ದಾನಮ್ಮ ಪೆನ್ಸಿಲ್ ತೆಗೆದು, ನಕಾಶೆ ಹರವಿ,
“ಕಾಗಿ ಅಂತ ಬರೀಲೋ ಕಾಗೆ ಅಂತ ಬರೀಲೋ?” ಅಂದಳು.
“ಹೆಂಗರ ಬರಕೋರಿ, ಅದೇನ ಕೂಡೂದ ಬಿಡತೈತೇನು?”

ಹೊತ್ತು ಇಳಿದಾಗ ಗಾಳಿ ಬಿತ್ತು.
ಶುಭ ಕೋರುವವರ ಗಲ್ಲ ಬತ್ತಿ
ಮೀಸೆಗಳೆಲ್ಲ ಮಡಿಕೆಯೊಳಗೆ ಹೋದವು.
ಸರದಿಯಂತೆ ಹುಟ್ಟು ಹಾಕಿದೆವು; ಬೊಬ್ಬೆ ಎದ್ದದ್ದು
ಕತ್ತರಿ ಹಿಡಿವ ಇದೇ ಬೆರಳಿಗೆ.
“ಅಂಡಮಾನ ಛಲೋನೋ ಇದ ಛಲೋನೋ?” ಹುಚ್ಚೇಶ ಕೇಳಿದ.
ಗೈಬುಸಾಬ ಬೀಡಿ ಹಚ್ಚಿ, ಆರಿಸಿ, ಮತ್ತೆ ಹಚ್ಚಿ
“ಅಲ್ಲೆ ತಳ ಕಾಣತಿತ್ತು” ಅಂದ.

ಕತ್ತಲು. ದೂರ ಸೇತುವೆಯ ಮೇಲೆ ಲಾರಿಗಳ ದೀಪ.
ಎಡಕ್ಕೆ ಏನೋ ದಪ್ಪಗೆ, ಕರ್ರಗೆ ಎದುರಾಯಿತು.
ಟಾಕಿ, ಹುಷಾರ್ ಎಂದು ಕೂಗಬೇಕಿತ್ತು ನಾನು.
ಬಾಯಿಗೆ ಬಂದದ್ದು “ಕಾಗಿ ಕುರ್ಚಿ!”
ಗೈಬುಸಾಬ ಸರಿಯಾಗಿಯೇ ತಿರುಗಿಸಿದ.